ಕಾಲಡಿಯ ಹಲಗೆ

ನಾನು ಒಂದು ಅಳತೆಗೋಲು. ಬಟ್ಟೆ ಅಂಗಡಿಯ ಮೀಟರ್ ಕೋಲಲ್ಲ. ಮನುಷ್ಯರ ಎತ್ತರ ಅಳೆಯುವ, ಆಳಿಗಿಂತ ಉದ್ದದ, ಬೀಚ್ ಎಂಬ ಗಟ್ಟಿ ಮರದ ಕೋಲು. ಮೂವತ್ತನಾಲ್ಕು ವರ್ಷ ಒಂದೇ ಗೋಡೆಗೆ ಬೆನ್ನು ಕೊಟ್ಟು ನಿಂತೆ. ನನ್ನ ಕತೆ ಹೇಳುವಾಗ ನನ್ನ ತಮ್ಮನ ಕತೆಯನ್ನೂ ಹೇಳಬೇಕು. ಅವನು ಒಂದು ಚೌಕದ ಹಲಗೆ, ಎರಡು ಸೆಂಟಿಮೀಟರ್ ದಪ್ಪ. ಅವನನ್ನು ಬಿಟ್ಟು ನಾನು ಹೇಳಿದ ಮಾತೆಲ್ಲ ಸುಳ್ಳಾಗುತ್ತದೆ. ಒಮ್ಮೆ ಹಾಗೆಯೇ ಆಯಿತು.

ಸ್ಪೇನ್ ದೇಶದ ಉತ್ತರದಲ್ಲಿ ವಾಲ್ದೆರ್ನಾ ಎಂಬ ಊರು. ಊರಿಗೊಂದು ಫುಟ್‌ಬಾಲ್ ಕ್ಲಬ್ಬು. ಆ ಕ್ಲಬ್ಬಿನ ಬಡಗಿ ಎಲಾದಿಯೊ. ಗ್ಯಾಲರಿಯ ಮುರಿದ ಬೆಂಚು, ಜೋತುಬಿದ್ದ ಬಾಗಿಲು, ಸಡಿಲವಾದ ಕಿಟಕಿ ಎಲ್ಲ ಅವನ ಪಾಲು. ಒಂದು ಬೆಂಚಿಗೆಂದು ತಂದ ಮರದಲ್ಲಿ ಉದ್ದನೆಯ ತುಂಡೊಂದು ಮಿಕ್ಕಿತು. ಅದರಿಂದ ನಾನು ಹುಟ್ಟಿದೆ. ಎಲಾದಿಯೊ ಒಂದೊಂದು ಗೆರೆಯನ್ನೂ ಚಾಕುವಿನಿಂದ ಗೀರಿ, ಅದರಲ್ಲಿ ಶಾಯಿ ತುಂಬಿದ. ಹತ್ತಕ್ಕೊಂದು ಅಂಕಿಯನ್ನು ಕಾದ ಕಬ್ಬಿಣದಲ್ಲಿ ಬರೆದ. ಮೇಲೆ ಕೆಳಗೆ ಜಾರುವ, ನೆತ್ತಿಯ ಮೇಲೆ ಕೂರುವ ಒಂದು ಪಟ್ಟಿಯನ್ನೂ ಮಾಡಿದ. ಎಲ್ಲ ಮುಗಿದ ಮೇಲೆ ಉಳಿದ ತುಂಡನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಯೋಚಿಸಿದ.

"ಸಿಮೆಂಟು ನೆಲ. ಜನವರಿಯಲ್ಲಿ ಮಂಜುಗಡ್ಡೆ ಥರ ಆಗುತ್ತೆ. ಮಕ್ಕಳು ಬರಿಗಾಲಲ್ಲಿ ನಿಲ್ಬೇಕಲ್ಲ," ಅಂದ. ಆ ತುಂಡನ್ನು ಉಜ್ಜಿ ನುಣುಪು ಮಾಡಿ ಕಾಲಡಿಯ ಹಲಗೆ ಮಾಡಿದ. ನೆಲದ ಮೇಲೆ ಹಲಗೆ, ಹಲಗೆಯ ಮೇಲೆ ನಾನು. ನನ್ನನ್ನು ಗೋಡೆಗೆ ತಿರುಪು ಹಾಕಿ ಕೂರಿಸಿದರು. ನನ್ನ ಸೊನ್ನೆ ನೆಲದ ಮೇಲಿಲ್ಲ, ನನ್ನ ತಮ್ಮನ ಬೆನ್ನ ಮೇಲಿದೆ.

ಅವನನ್ನೂ ನನಗೆ ಸೇರಿಸಿ ತಿರುಪು ಹಾಕಬೇಕೆಂದು ಎಲಾದಿಯೊ ಮಂಡಿಯೂರಿದಾಗ ಒಬ್ಬ ಹೆಂಗಸು ಬಕೆಟ್ ಹಿಡಿದು ಬಂದಳು. ಅವಳು ಪುರಾ. ನೆಲ ಒರೆಸುವುದು, ಹುಡುಗರ ಬಟ್ಟೆ ಒಗೆಯುವುದು ಅವಳ ಕೆಲಸ. ಆಗ ಅವಳಿಗೆ ಇಪ್ಪತ್ತೈದು ಇದ್ದೀತು. ಸೊಂಟ ಮಾತ್ರ ಆಗಲೇ ನೋಯುತ್ತಿತ್ತು.

"ಅದನ್ನ ಅಂಟಿಸಿ ಕೂರಿಸ್ಬೇಡ ಮಾರಾಯ. ಸಂದೀಲಿ ನೀರು ನಿಂತು ಕೊಳೆಯುತ್ತೆ. ಬಗ್ಗಿ ಬಗ್ಗಿ ಒರೆಸೋಳು ನಾನು."

"ಎತ್ತಿ ಒರೆಸಿದ್ರೆ ಮತ್ತೆ ಅಲ್ಲೇ ಇಡ್ಬೇಕು. ಮರೆತೀಯ."

"ಇಡ್ದೆ ಏನು? ಮನೆಗೆ ತಗೊಂಡು ಹೋಗಿ ಅದರ ಮೇಲೆ ಚೀಸ್ ಕತ್ತರಿಸ್ತೀನಾ?"

ಎಲಾದಿಯೊ ನಕ್ಕ. ತಿರುಪುಗಳನ್ನು ಜೇಬಿಗೆ ಹಾಕಿಕೊಂಡ. ಮಕ್ಕಳ ಕಾಲಿಗೆ ತಣ್ಣಗಾಗಬಾರದೆಂದು ಮಾಡಿದ ಹಲಗೆ, ಪುರಾಳ ಸೊಂಟಕ್ಕೆ ನೋವಾಗಬಾರದೆಂದು ಸಡಿಲವಾಗಿಯೇ ಉಳಿಯಿತು. ಈ ಕತೆಯ ಕೆಡುಕೆಲ್ಲ ಹೀಗೆ ಎರಡು ಒಳ್ಳೆಯ ಮನಸ್ಸುಗಳಿಂದ ಶುರುವಾಯಿತು.

ನಾನಿದ್ದದ್ದು ಹುಡುಗರ ತಂಡಗಳ ವೈದ್ಯರ ಕೋಣೆಯಲ್ಲಿ. ಸ್ಪೇನಿನಲ್ಲಿ ದೊಡ್ಡ ಕ್ಲಬ್ಬುಗಳು ಆಟಗಾರರನ್ನು ಚಿಕ್ಕಂದಿನಿಂದಲೇ ಸಾಕಿ ಬೆಳೆಸುತ್ತವೆ. ಆ ಏರ್ಪಾಡಿಗೆ ಅವರು ಕಾಂತೇರಾ ಅನ್ನುತ್ತಾರೆ. ಕಾಂತೇರಾ ಎಂದರೆ ಕಲ್ಲುಗಣಿ. ವಯಸ್ಸಿಗೊಂದು ತಂಡ, ತಂಡಕ್ಕೊಂದು ಹೆಸರು. ಹತ್ತು ಹನ್ನೊಂದರ ಮಕ್ಕಳಿಗೆ ಅಲೆವಿನ್, ಅಂದರೆ ಮೀನಿನ ಮರಿಗಳು. ಹನ್ನೆರಡು ಹದಿಮೂರಕ್ಕೆ ಇನ್ಫಾಂತಿಲ್. ಅದರ ಮೇಲೆ ಕಾದೇತೆ. ಆಮೇಲೆ ಹುವೆನಿಲ್. ಅದನ್ನೂ ದಾಟಿದರೆ ದೊಡ್ಡವರ ತಂಡ, ದೀಪಗಳ ಮೈದಾನ. ದೂರದ ಊರಿನ ಹುಡುಗರು ನನ್ನ ಮೇಲಿನ ಮಹಡಿಯ ವಸತಿಯಲ್ಲೇ ಇರುತ್ತಿದ್ದರು.

ಮೈದಾನವನ್ನು ನಾನು ಎಂದೂ ನೋಡಿಲ್ಲ. ಚೆಂಡು ಒದೆಯುವ ಸದ್ದು ಗೋಡೆಯೊಳಗಿಂದ ಬರುತ್ತಿತ್ತು. ಹುಡುಗರ ಮುಖವನ್ನೂ ನಾನು ಸರಿಯಾಗಿ ಬಲ್ಲೆನೆಂದು ಹೇಳಲಾರೆ. ಅಳೆಯುವಾಗ ಅವರು ನನಗೆ ಬೆನ್ನು ಹಾಕಿ ನಿಲ್ಲುತ್ತಾರೆ. ನನಗೆ ಗೊತ್ತಿದ್ದದ್ದು ಹಿಮ್ಮಡಿ, ಬೆನ್ನುಹುರಿ, ನೆತ್ತಿಯ ಸುಳಿ. ಉಸಿರು ಬಿಗಿಹಿಡಿದ ಬೆನ್ನು ಹೇಗಿರುತ್ತದೆ ಎಂಬುದು ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಾರದು. ಎಲ್ಲ ಹುಡುಗರೂ ಹಾಗೆಯೇ ನಿಲ್ಲುತ್ತಿದ್ದರು, ಉಸಿರಿನಿಂದ ಒಂದು ಗೆರೆ ಎತ್ತರವಾಗಬಹುದು ಎಂಬಂತೆ.

ಡಾಕ್ಟರ್ ಅನ್ಸೆಲ್ಮೊ ನನ್ನ ಮೊದಲ ಯಜಮಾನರು. ಎಲ್ಲರೂ ಅವರನ್ನು ದೋನ್ ಅನ್ಸೆಲ್ಮೊ ಎಂದು ಗೌರವದಿಂದ ಕರೆಯುತ್ತಿದ್ದರು. ಸೆಪ್ಟೆಂಬರ್, ಜನವರಿ, ಜೂನ್, ವರ್ಷಕ್ಕೆ ಮೂರು ಸಲ ಅವರು ಹುಡುಗರನ್ನು ಅಳೆಯುತ್ತಿದ್ದರು. ಗದ್ದ ಹಿಡಿದು ತಲೆ ನೇರ ಮಾಡುವ ಮುಂಚೆ ಕೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಅಂಕಿಯನ್ನು ಎಂದೂ ಗಟ್ಟಿಯಾಗಿ ಓದಲಿಲ್ಲ. ಬಾಗಿಲ ಹೊರಗೆ ಇಪ್ಪತ್ತು ಕಿವಿಗಳಿವೆ ಎಂದು ಅವರಿಗೆ ಗೊತ್ತಿತ್ತು. ಬೆಳೆದವನಿಗೆ, "ಹೋಗಿ ನಿನ್ನಮ್ಮನಿಗೆ ಪ್ಯಾಂಟಿನ ಮಡಿಕೆ ಬಿಚ್ಚೋಕೆ ಹೇಳು," ಅನ್ನುತ್ತಿದ್ದರು. ಬೆಳೆಯದವನಿಗೆ, "ಹೊಲಿಗೆ ಹಾಗೇ ಇರ್ಲಿ. ಪ್ಯಾಂಟಿಗೆ ಅವಸರ ಇಲ್ಲ, ನಿಂಗ್ಯಾಕೆ?" ಅನ್ನುತ್ತಿದ್ದರು. ಇಬ್ಬರೂ ನಗುತ್ತಲೇ ಹೊರಗೆ ಹೋಗುತ್ತಿದ್ದರು.

ಆದರೆ ಕಲ್ಲುಗಣಿ ಕಲ್ಲುಗಣಿಯೇ. ನೂರು ಹುಡುಗರಲ್ಲಿ ದೊಡ್ಡವರ ತಂಡ ಮುಟ್ಟುವವನು ಒಬ್ಬ, ಹೆಚ್ಚೆಂದರೆ ಇಬ್ಬರು. ಉಳಿದವರನ್ನು ಕಳಿಸುತ್ತಿದ್ದರು. ನನಗೆ ಅದನ್ನು ಯಾರೂ ಹೇಳುತ್ತಿರಲಿಲ್ಲ. ಜೂನಿನಲ್ಲಿ ಇದ್ದ ಹಿಮ್ಮಡಿ ಸೆಪ್ಟೆಂಬರಿನಲ್ಲಿ ಇರುತ್ತಿರಲಿಲ್ಲ, ಅಷ್ಟೆ. ತಮ್ಮನಿಗೆ ನನಗಿಂತ ಮೊದಲು ತಿಳಿಯುತ್ತಿತ್ತು. ಎಡಗಾಲಿನ ಹೆಬ್ಬೆರಳು ಒತ್ತಿ ನಿಲ್ಲುತ್ತಿದ್ದ ಆ ಹುಡುಗ ಬರಲಿಲ್ಲ, ಬೆವರುವ ಪಾದದವನು ಬರಲಿಲ್ಲ.

ಇಂಥ ವರ್ಷಗಳು ಬಹಳ ಕಳೆದವು. ಎಲಾದಿಯೊ ತೀರಿಕೊಂಡ. ಹಲಗೆ ಯಾಕೆ ಸಡಿಲವಾಗಿದೆ ಎಂದು ಬಲ್ಲವರು ದೋನ್ ಅನ್ಸೆಲ್ಮೊ ಮತ್ತು ಪುರಾ ಇಬ್ಬರೇ ಉಳಿದರು. ಪುರಾ ದಿನಾ ಬೆಳಿಗ್ಗೆ ತಮ್ಮನನ್ನು ಎತ್ತಿ, ಒರೆಸಿ, ಸೆರಗಿನಂತೆ ಇಳಿಬಿದ್ದ ತನ್ನ ಏಪ್ರನ್ನಿನಲ್ಲಿ ತೇವ ಆರಿಸಿ, ಮತ್ತೆ ಅಲ್ಲೇ ಇಡುತ್ತಿದ್ದಳು. ಒಂದು ದಿನವೂ ಮರೆಯಲಿಲ್ಲ.

ಏಲೊಯ್ ಬಂದಾಗ ಅವನಿಗೆ ಹನ್ನೆರಡು. ಗಲೀಸಿಯಾ ಕಡಲ ತೀರದ ಊರಿನವನು. ತಂದೆ ಇರಲಿಲ್ಲ. ತಾಯಿ ಮೀನಿನ ಡಬ್ಬಿ ತುಂಬುವ ಕಾರ್ಖಾನೆಯಲ್ಲಿದ್ದಳು. ಹುಟ್ಟಿದ್ದು ಡಿಸೆಂಬರಿನ ಕೊನೆಯಲ್ಲಿ, ಹಾಗಾಗಿ ಹುಟ್ಟಿದ ವರ್ಷ ನೋಡಿ ಕಟ್ಟುವ ತಂಡದಲ್ಲಿ ಎಲ್ಲರಿಗಿಂತ ಚಿಕ್ಕವನು. ವಯಸ್ಸಿನಲ್ಲೂ, ಮೈಯಲ್ಲೂ. ಹುಡುಗರು ಅವನಿಗೆ ಗುಂಡಿ ಎಂದು ಹೆಸರಿಟ್ಟರು, ಅಂಗಿಯ ಗುಂಡಿ.

"ಲೇ ಗುಂಡಿ, ಹುಲ್ಲು ಕತ್ತರಿಸಿಲ್ಲ ಇವತ್ತು. ಕಳೆದುಹೋದೀಯ!"

"ನೀನು ಗೋಲಲ್ಲಿ ನಿಂತಿರ್ತೀಯಲ್ಲ, ನಿನ್ನ ಕಾಲ ಸಂದೀಲೇ ಸಿಗ್ತೀನಿ ಬಿಡು. ಚೆಂಡಿನ ಜೊತೆ."

ಹೀಗೆ ಅನ್ನಿಸಿಕೊಂಡವನು ಜಾಕೋಬೊ, ಅವನ ಕೋಣೆಯ ಗೆಳೆಯ, ತೆಂಗಿನ ಮರದಂಥ ಗೋಲ್‌ಕೀಪರ್. ಬಾಗಿಲ ಹೊರಗೆ ಸಾಲು ನಿಂತವರ ಮಾತಿನಿಂದಲೇ ನನಗೆ ಏಲೊಯ್‌ನ ಆಟ ಗೊತ್ತು. ಚೆಂಡು ಬರುವ ಮುಂಚೆಯೇ ಅದು ಎಲ್ಲಿಗೆ ಹೋಗಬೇಕೆಂದು ಅವನಿಗೆ ತಿಳಿದಿರುತ್ತದಂತೆ. ಅವನನ್ನು ಗುಂಡಿ ಅನ್ನುವ ಹುಡುಗರೇ ತಮ್ಮ ಕಡೆ ಅವನು ಬೇಕೆಂದು ಜಗಳವಾಡುತ್ತಿದ್ದರು.

ಆ ಹೊತ್ತಿಗೆ ಹುಡುಗರ ತಂಡಗಳ ಮೇಲೆ ಗಾರಾಯ್ ಎಂಬ ನಿರ್ದೇಶಕ ಬಂದಿದ್ದ. ಕೆಟ್ಟವನಲ್ಲ. ಅವನಿಗೆ ಆಟಕ್ಕಿಂತ ಅಂಕಿಗಳ ನಕ್ಷೆ ಹೆಚ್ಚು ಅರ್ಥವಾಗುತ್ತಿತ್ತು. ಏಲೊಯ್‌ಗೆ ಹದಿಮೂರೂವರೆಯಾದ ಜೂನಿನಲ್ಲಿ ಅವನು ಹುಡುಗನ ತಾಯಿಯನ್ನು ನನ್ನ ಕೋಣೆಗೇ ಕರೆಸಿದ. ಅವಳು ಬಸ್ಸಿನಲ್ಲಿ ಏಳು ಗಂಟೆ ಕೂತು ಬಂದಿದ್ದಳು. ಕೈಗಳಿಗೆ ಮೀನಿನ ಉಪ್ಪಿನ ವಾಸನೆ. ಅದಕ್ಕೇ ಇರಬೇಕು, ಕೈಗಳನ್ನು ಚೀಲದ ಕೆಳಗೆ ಇಟ್ಟುಕೊಂಡು ಕೂತಳು. ದೋನ್ ಅನ್ಸೆಲ್ಮೊ ಅದನ್ನು ನೋಡಿ, ಬೇಕೆಂದೇ ಎದ್ದುಹೋಗಿ ಅವಳ ಕೈ ಕುಲುಕಿ ಬಂದರು.

ಏಲೊಯ್‌ನನ್ನು ಅಳೆದರು. ನೂರ ನಲವತ್ತೆಂಟು ಸೆಂಟಿಮೀಟರ್.

"ಜನವರಿಗೆ ನೂರ ಐವತ್ತೊಂದು ಬೇಕು ಸೆನ್ಯೋರಾ," ಅಂದ ಗಾರಾಯ್. "ಹದಿನಾಲ್ಕು ತುಂಬಿದಾಗ ಅದಕ್ಕಿಂತ ಕಡಿಮೆ ಇದ್ದೋರು ಮುಂದೆ ನೂರ ಅರವತ್ತೈದು ದಾಟೋದು ಕಷ್ಟ. ಜನವರಿಗೆ ಅಷ್ಟು ಆಗಿಲ್ಲ ಅಂದ್ರೆ ಕಾದೇತೆ ತಂಡದಲ್ಲಿ ಅವನಿಗೆ ಹಾಸಿಗೆ ಇಟ್ಕೊಳ್ಳೋಕೆ ಆಗಲ್ಲ."

"ಅವನಪ್ಪ ಬೆಳೆದದ್ದು ಹದಿನಾರಕ್ಕೆ," ಅಂದಳು ತಾಯಿ ಮೆಲ್ಲಗೆ.

"ಅಪ್ಪಂದಿರ ಕತೆ ಎಲ್ಲ ತಾಯಂದಿರೂ ಹೇಳ್ತಾರೆ."

"ಜನವರಿಗೆ ಇರ್ತಾನೆ," ಅಂದರು ದೋನ್ ಅನ್ಸೆಲ್ಮೊ. "ಬೆಳೀತಿದ್ದಾನೆ. ಹಿಮ್ಮಡಿ ನೋಡಿದ್ರೆ ಗೊತ್ತಾಗುತ್ತೆ."

ಅದು ಅವರ ಕೊನೆಯ ಅಳತೆ. ಆ ತಿಂಗಳು ಅವರು ನಿವೃತ್ತರಾಗಿ ತಂಗಿಯ ಊರಿಗೆ ಹೋದರು. ಹೋಗುವಾಗ ನನ್ನ ಜಾರುಪಟ್ಟಿಯನ್ನು ಒಮ್ಮೆ ಮೇಲೆ ಕೆಳಗೆ ಸರಿಸಿ ನೋಡಿದರು. ಹಲಗೆಯ ಬಗ್ಗೆ ಯಾರಿಗೂ ಹೇಳಲಿಲ್ಲ. ಹೇಳಬೇಕೆಂದು ಹೊಳೆದಿರಲಾರದು. ಕುರ್ಚಿಯ ಮೇಲೆ ಕೂರಬೇಕು ಎಂದು ಯಾರಾದರೂ ಬರೆದಿಡುತ್ತಾರೆಯೇ?

ಜುಲೈಯಲ್ಲಿ ಪುರಾ ಒಗೆಯುವ ಕೋಣೆಯ ಮೆಟ್ಟಿಲ ಮೇಲೆ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಆಗಸ್ಟಿನಲ್ಲಿ ನನ್ನ ಕೋಣೆಯ ಸಿಮೆಂಟು ಕಿತ್ತು, ಅದೇ ಮಟ್ಟಕ್ಕೆ ಬಿಳಿಯ ಟೈಲ್ಸ್ ಹಾಕಿದರು. ಕೆಲಸದವರು ತಮ್ಮನನ್ನು ಎತ್ತಿ ಬಾಗಿಲ ಬಳಿ ಇಟ್ಟರು. ಅವನ ಮೇಲೆ ಬಣ್ಣದ ಡಬ್ಬಿ ಇಟ್ಟರು. ಒಂದು ದಿನ ಕೊಳಾಯಿಯವನು ಬಂದು, "ಅಲ್ಲಿ ಒಗೆಯೋ ಯಂತ್ರ ಕುಣಿತಾ ಇದೆ, ಕಾಲಿನ ಕೆಳಗೆ ಕೊಡೋಕೆ ಏನಾದ್ರೂ ಇದ್ಯಾ?" ಎಂದು ಕೇಳಿದ. ತಮ್ಮ ಹೋದ. ನನ್ನ ಕೆಳಗೆ ಎರಡು ಸೆಂಟಿಮೀಟರ್ ಖಾಲಿ ಉಳಿಯಿತು. ಟೈಲ್ಸಿನವನು ಒಳ್ಳೆಯ ಕೆಲಸಗಾರ. ಆ ಸಂದನ್ನು ನೋಡಿ ಅವನ ಕಣ್ಣಿಗೆ ಹಿಡಿಸಲಿಲ್ಲ. ತೆಳುವಾದ ಬಿಳಿಯ ಪಟ್ಟಿಯೊಂದನ್ನು ಕತ್ತರಿಸಿ ಅಂದವಾಗಿ ಮುಚ್ಚಿಬಿಟ್ಟ. ನಾನು ಮೊದಲಿನಿಂದಲೂ ಹಾಗೆಯೇ ಇದ್ದವನಂತೆ ಕಂಡೆ.

ಸೆಪ್ಟೆಂಬರಿನಲ್ಲಿ ಹೊಸ ಡಾಕ್ಟರ್ ಬೆಲ್ತ್ರಾನ್ ಬಂದ. ಮೂವತ್ತು ದಾಟಿರಲಿಲ್ಲ. ಶ್ರದ್ಧೆಯವನು, ಕಂಪ್ಯೂಟರಿನಲ್ಲಿ ಪ್ರತಿ ಹುಡುಗನಿಗೂ ಒಂದು ಹಾಳೆ ತೆರೆದ. ಮೊದಲ ದಿನವೇ ಅವನ ಹಣೆ ಗಂಟಾಯಿತು. ಜಾಕೋಬೊ ಮೂರು ತಿಂಗಳಲ್ಲಿ ಬೆಳೆಯುವ ಬದಲು ಒಂದು ಸೆಂಟಿಮೀಟರ್ ಕುಗ್ಗಿದ್ದ! ಇನ್ನಿಬ್ಬರೂ ಕುಗ್ಗಿದ್ದರು. ಬೆಲ್ತ್ರಾನ್ ಉಕ್ಕಿನ ಟೇಪು ತಂದು ನನ್ನನ್ನೇ ಅಳೆದ. ಗೆರೆಯಿಂದ ಗೆರೆಗೆ, ತಳದ ಅಂಚಿನಿಂದ ತುದಿಗೆ. ಎಲಾದಿಯೊ ಗೀರಿದ ಗೆರೆಗಳಲ್ಲಿ ಕೂದಲಷ್ಟೂ ತಪ್ಪಿರಲಿಲ್ಲ. ನೆಲದಿಂದ ಅಳೆಯಬೇಕೆಂದು ಅವನಿಗೆ ಹೊಳೆಯಲಿಲ್ಲ. ನೆಲ ಎಲ್ಲಿಗೆ ಹೋಗುತ್ತದೆ?

ಗಾರಾಯ್‌ಗೆ ಹೇಳಿದ. ಗಾರಾಯ್ ನಕ್ಕುಬಿಟ್ಟ.

"ಅನ್ಸೆಲ್ಮೊ ಎಂಥ ಮನುಷ್ಯ ಅಂತ ಕೇಳು ಯಾರನ್ನಾದ್ರೂ. ಹುಡುಗರ ಕಣ್ಣಲ್ಲಿ ನೀರು ನೋಡೋಕೆ ಆಗ್ತಿರಲಿಲ್ಲ ಅವರಿಗೆ. ಎಲ್ಲರಿಗೂ ಎರಡೆರಡು ಸೇರಿಸಿ ಬರೆದಿದ್ದಾರೆ, ಪಾಪ."

"ಇರಬಹುದು," ಅಂದ ಬೆಲ್ತ್ರಾನ್.

ಅಷ್ಟೇ. ಒಬ್ಬ ಮನುಷ್ಯ ಮೂವತ್ತು ವರ್ಷ ಮೃದುವಾಗಿ ಬದುಕಿದ್ದು ಅವನ ಅಂಕಿಗಳ ಮೇಲೆ ಆರೋಪವಾಯಿತು. ಒಂದು ಫೋನ್ ಮಾಡಿದ್ದರೆ, "ಹಲಗೆ ಎಲ್ಲಿಟ್ಟಿದ್ದೀರಿ?" ಎಂದು ದೋನ್ ಅನ್ಸೆಲ್ಮೊ ಕೇಳುತ್ತಿದ್ದರು. ಫೋನ್ ಮಾಡುವುದು ಮುದುಕರನ್ನು ನಾಚಿಸಿದಂತೆ ಎಂದು ಬೆಲ್ತ್ರಾನ್ ಮಾಡಲಿಲ್ಲ. ಅದೂ ಒಂದು ದಯೆಯೇ.

ಏಲೊಯ್ ಬಂದ. ನೂರ ನಲವತ್ತೆಂಟು. ಜೂನಿನಲ್ಲಿ ಇದ್ದಷ್ಟೇ.

"ಇಲ್ಲ ಡಾಕ್ಟ್ರೇ, ಪ್ಯಾಂಟು ಮೇಲಕ್ಕೆ ಹೋಗಿದೆ. ಅಮ್ಮ ಮಡಿಕೆ ಬಿಚ್ಚಿದ್ಳು."

"ಪ್ಯಾಂಟು ಒಗೆದ್ರೆ ಕುಗ್ಗುತ್ತೆ," ಅಂದ ಬೆಲ್ತ್ರಾನ್. ಒರಟಾಗಿ ಅನ್ನಲಿಲ್ಲ. ಆದರೆ ಅಂಕಿಯನ್ನು ಗಟ್ಟಿಯಾಗಿ ಓದಿದ, ಅದು ಅವನ ಅಭ್ಯಾಸ. ಬಾಗಿಲ ಹೊರಗೆ ಮಾತು ನಿಂತುಹೋಯಿತು. ಯಾರೂ ಗುಂಡಿ ಅನ್ನಲಿಲ್ಲ ಆ ದಿನ.

ಅವನ ಪಾದಗಳು ಬರಿಯ ಟೈಲ್ಸ್ ಮೇಲಿದ್ದವು. ತಣ್ಣಗೆ. ನನಗೆ ಸತ್ಯ ಗೊತ್ತಿತ್ತು, ಹೇಳುವ ಬಾಯಿ ಇರಲಿಲ್ಲ. ನನ್ನಲ್ಲಿ ಇದ್ದದ್ದು ಗೆರೆಗಳು ಮಾತ್ರ, ಅವು ಸುಳ್ಳು ಹೇಳುತ್ತಿದ್ದವು.

ಆ ಚಳಿಗಾಲ ಹುಡುಗರೆಲ್ಲ ಸೇರಿ ಏಲೊಯ್‌ನನ್ನು ಬೆಳೆಸಲು ಹೊರಟರು. ಜಾಕೋಬೊ ತನ್ನ ಪಾಲಿನ ಹಾಲು ಅವನಿಗೆ ಕೊಡುತ್ತಿದ್ದ. ಇನ್ನೊಬ್ಬ ಬಾಗಿಲ ಚೌಕಟ್ಟಿಗೆ ಅವನನ್ನು ನೇತುಹಾಕಿ ಕಾಲು ಹಿಡಿದು ಜಗ್ಗುತ್ತಿದ್ದ. ಮನುಷ್ಯ ಬೆಳಿಗ್ಗೆ ಏಳುವಾಗ ಒಂದಿಷ್ಟು ಉದ್ದವಿರುತ್ತಾನೆ, ನಡೆದಾಡಿದಂತೆ ಕುಗ್ಗುತ್ತಾನೆ ಎಂದು ಯಾರೋ ಶಾಲೆಯಲ್ಲಿ ಕಲಿತು ಬಂದರು. ಅದು ನಿಜ, ನಾನು ಬಲ್ಲೆ. ಜನವರಿಯ ಅಳತೆಯ ಬೆಳಿಗ್ಗೆ ಏನು ಮಾಡಿದರು ಗೊತ್ತೇ? ಏಲೊಯ್‌ನನ್ನು ಹಾಸಿಗೆಯಿಂದ ಏಳಲು ಬಿಡಲಿಲ್ಲ. ಜಾಕೋಬೊ ತಲೆಯ ಕಡೆ, ಇಬ್ಬರು ಕಾಲ ಕಡೆ ಹಿಡಿದು, ಮಲಗಿದ್ದ ಹಾಗೆಯೇ ಮಹಡಿ ಇಳಿಸಿ ತಂದರು. ಸಾಲಿನಲ್ಲಿದ್ದ ಎಲ್ಲರೂ ದಾರಿ ಬಿಟ್ಟರು.

"ಜಾಗ ಬಿಡಿ, ಜಾಗ ಬಿಡಿ! ಗಾಜಿನ ಸಾಮಾನು!"

"ನೆಟ್ಟಗೆ ಹಿಡೀರೋ, ಮಧ್ಯದಲ್ಲಿ ಬಗ್ಗಿದೀನಿ," ಅನ್ನುತ್ತಿದ್ದ ಏಲೊಯ್, ನಗು ತಡೆಯಲಾರದೆ.

"ನಗಬೇಡ್ವೋ, ನಕ್ರೆ ಕುಗ್ತೀಯ!"

ನನ್ನ ಎದುರಿಗೆ ತಂದು ಚೀನಿ ಹೂಜಿ ನಿಲ್ಲಿಸುವಂತೆ ನಿಲ್ಲಿಸಿದರು. ಬೆಲ್ತ್ರಾನ್ ಕೂಡ ನಕ್ಕ. ಏಲೊಯ್‌ನ ಬೆನ್ನು ನನಗೆ ಒತ್ತಿತು. ಅವನ ಎದೆಬಡಿತ ನನ್ನ ಮರದೊಳಗೆ ಕೇಳಿಸಿತು. ಜಾರುಪಟ್ಟಿ ಇಳಿಯಿತು.

ನೂರ ನಲವತ್ತೊಂಬತ್ತು, ಮೇಲೆ ನಾಲ್ಕು ಗೆರೆ.

ಬೆಲ್ತ್ರಾನ್ ಇನ್ನೊಮ್ಮೆ ಅಳೆದ. ಮೂರನೆಯ ಸಲವೂ ಅಳೆದ. ಅದಕ್ಕಿಂತ ಹೆಚ್ಚು ಯಾವ ಡಾಕ್ಟರೂ ಮಾಡಲಾರ. ನಾನು ಮೂರು ಸಲವೂ ಅದೇ ಸುಳ್ಳು ಹೇಳಿದೆ. ಹುಡುಗರು ಒಬ್ಬೊಬ್ಬರಾಗಿ ಹೊರಗೆ ಹೋದರು. ಜಾಕೋಬೊ ಮಾತ್ರ ನಿಂತಿದ್ದ. "ಬಾರೋ, ಕಾಫಿ ಆರುತ್ತೆ," ಅಂದ. ಈ ಸಲ ಏಲೊಯ್ ನಡೆದುಕೊಂಡೇ ಹೋದ.

ಏಪ್ರಿಲಿನಲ್ಲಿ ಏಲೊಯ್‌ನ ತಾಯಿಗೆ ಪತ್ರ ಹೋಯಿತು. ಮೇ ತಿಂಗಳ ಕೊನೆಯ ಶನಿವಾರ ಹಾಸಿಗೆ ಖಾಲಿ ಮಾಡಬೇಕು.

ಆ ಶನಿವಾರದ ಬೆಳಿಗ್ಗೆಯೇ ಪುರಾ ಕೆಲಸಕ್ಕೆ ಮರಳಿದಳು, ಕಂಕುಳಲ್ಲಿ ಒಂದು ಊರುಗೋಲು. ಮೊದಲು ನನ್ನ ಕೋಣೆಗೆ ಬಂದಳು. ಹೊಸ ಟೈಲ್ಸ್ ನೋಡಿ, "ಅಬ್ಬಾ, ಆಸ್ಪತ್ರೆ ಥರ ಮಾಡಿದ್ದಾರೆ," ಅಂದಳು. ಒರೆಸುವ ಮುನ್ನ ಅಭ್ಯಾಸಬಲದಿಂದ ನನ್ನ ಬುಡಕ್ಕೆ ಕೈ ಚಾಚಿದಳು. ಕೈಗೆ ಏನೂ ಸಿಗಲಿಲ್ಲ.

"ಹಲಗೆ ಎಲ್ಲಿ ಡಾಕ್ಟ್ರೇ?"

"ಯಾವ ಹಲಗೆ?"

"ಕಾಲಡಿ ಹಲಗೆ. ಮಕ್ಕಳು ನಿಲ್ಲೋದು."

"ಹಾಗೇನೂ ಇರಲಿಲ್ಲವಲ್ಲ. ನಾನು ಬಂದಾಗಿನಿಂದ ಹೀಗೇ ಇದೆ."

ಪುರಾ ಅವನ ಮುಖ ನೋಡಿದಳು. ಆಮೇಲೆ ನನ್ನ ಬುಡದ ಬಿಳಿಯ ಪಟ್ಟಿ ನೋಡಿದಳು. "ಹಂಗಾದ್ರೆ ವರ್ಷವೆಲ್ಲ ಮಕ್ಕಳು ನಿಂತಿದ್ದು ಎಲ್ಲಿ?" ಅಂದಳು. ಬೆಲ್ತ್ರಾನ್ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟ. ಟೇಪು ತೆಗೆದು ಮೊದಲ ಬಾರಿಗೆ ನೆಲದಿಂದ ಅಳೆದ. ಪುರಾ ಅಷ್ಟರಲ್ಲಿ ಹಲಗೆ ಹುಡುಕಿಕೊಂಡು ಹೊರಟುಹೋಗಿದ್ದಳು. ಸ್ವಲ್ಪ ಹೊತ್ತಿಗೆ ದೂರದಲ್ಲಿ ಒಗೆಯುವ ಯಂತ್ರ ಧಡಧಡನೆ ಕುಣಿಯತೊಡಗಿತು. ತಮ್ಮ ಸಿಕ್ಕಿದನೆಂದು ನನಗೆ ತಿಳಿಯಿತು.

ಪುರಾ ಮರಳಿದಳು, ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕಂಕುಳಲ್ಲಿ ಹಲಗೆ. ಅವನ ಮೇಲೆ ಸೋಪಿನ ಕಲೆ, ಬಣ್ಣದ ಕಲೆ, ಯಂತ್ರದ ಕಾಲಿನ ದುಂಡನೆಯ ಗುರುತು. ಎತ್ತರ ಸಾಲದೆ ಅಂದು ಊರಿಗೆ ಹೊರಡುವವನು ಯಾರೆಂದು ಅವಳು ಬರುವಾಗಲೇ ಕೇಳಿದ್ದಳು. ಮಹಡಿ ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದಳು. "ಏಲೊಯ್! ಇಳಿದು ಬಾರೋ! ಇದ್ದ ಹಾಗೇ ಬಾ!"

ಅವನು ಬಟ್ಟೆ ತುಂಬುತ್ತಿದ್ದವನು ಹಾಗೆಯೇ ಬಂದ. ಬೆಲ್ತ್ರಾನ್ ಹಲಗೆಯನ್ನು ನನ್ನ ಬುಡಕ್ಕೆ ಒತ್ತಿ ಇಟ್ಟ. ಏಲೊಯ್ ಹಲಗೆ ಹತ್ತಿ ನಿಂತ. ನೂರ ಐವತ್ಮೂರು.

ಬೆಲ್ತ್ರಾನ್ ಎದ್ದು ಎದುರಿನ ಗಾರಾಯ್ ಕೋಣೆಗೆ ಹೋದ. ಬಾಗಿಲು ತೆರೆದೇ ಇತ್ತು.

"ತಪ್ಪು ನನ್ನದು," ಅಂದದ್ದು ಕೇಳಿಸಿತು. "ಜನವರಿಯಲ್ಲೇ ಅವನು ದಾಟಿದ್ದ."

ಗಾರಾಯ್ ಕುರ್ಚಿ ಸರಿಸಿದ ಸದ್ದು ಬಂತು. "ಆ ಹಾಸಿಗೆ ಬೇರೆ ಹುಡುಗನಿಗೆ ಕೊಟ್ಟಾಗಿದೆ. ಅವರ ಮನೇಲಿ ಕೇಕ್ ಕತ್ತರಿಸಿದ್ದಾರೆ. ನೀನು ಫೋನ್ ಮಾಡಿ ಆ ತಾಯಿಗೆ ಬೇಡ ಅಂತ ಹೇಳ್ತೀಯಾ?"

ಮುಂದಿನ ಮಾತೂ ಗಾರಾಯ್‌ನದೇ.

"ಉಳಿದವರ ಹಾಳೆ ಎಲ್ಲ ತಿದ್ದು. ಅವನ ಹಾಳೆ ಮುಚ್ಚಿದೆ."

ಬೆಲ್ತ್ರಾನ್ ಮರಳಿ ಬಂದಾಗ ಏಲೊಯ್ ಇನ್ನೂ ಹಲಗೆಯ ಮೇಲೆಯೇ ಇದ್ದ. ಇಳಿದರೆ ಎಲ್ಲಿ ಕಡಿಮೆಯಾಗುತ್ತದೋ ಎಂಬಂತೆ.

"ಜನವರಿಯಲ್ಲಿ ಇದ್ದೆನಾ ಡಾಕ್ಟ್ರೇ?"

"ಇದ್ದೆ. ನೂರ ಐವತ್ತೊಂದು, ಮೇಲೆ ನಾಲ್ಕು."

"ಹಾಗಾದ್ರೆ ಹೊತ್ಕೊಂಡು ಬಂದಿದ್ದು ದಂಡ ಆಗಿಲ್ಲ," ಅಂದ. ನಗಲು ನೋಡಿದ. ಆಮೇಲೆ ಪುರಾಳ ಕಡೆ ತಿರುಗಿದ. "ಅಮ್ಮ ಮಧ್ಯಾಹ್ನದ ಬಸ್ಸಿಗೆ ಬರ್ತಾಳೆ. ಅವಳಿಗೆ ಇದನ್ನ ಹೇಳಬೇಡಿ. ನನಗೆ ಎತ್ತರ ಸಾಲಲಿಲ್ಲ ಅಂತಲೇ ಇರ್ಲಿ. ಗೊತ್ತಾದ್ರೆ ಅವಳು ತಡ್ಕೊಳ್ಳಲ್ಲ."

ಪುರಾ ಹೂಂ ಅಂದಳು. ತಾಯಿ ಬಂದಳು. ಡಾಕ್ಟರಿಗೆಂದು ಮೀನಿನ ಡಬ್ಬಿಗಳ ಒಂದು ಪೊಟ್ಟಣ ತಂದಿದ್ದಳು. "ನನ್ನ ಮಗನ್ನ ಚೆನ್ನಾಗಿ ನೋಡ್ಕೊಂಡ್ರಿ," ಅಂದಳು. ಬೆಲ್ತ್ರಾನ್ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಆ ಡಬ್ಬಿಗಳು ಅವನ ಮೇಜಿನ ಮೇಲೆ ಬಹಳ ದಿನ ಹಾಗೆಯೇ ಇದ್ದವು. ಅವನು ಮುಂದಿನ ಜೂನಿನಲ್ಲಿ ಕ್ಲಬ್ಬು ಬಿಟ್ಟ.

ಬಿಡುವ ಮುನ್ನ ಉಳಿದ ಎಲ್ಲ ಹುಡುಗರ ಹಾಳೆಗಳಿಗೂ ಎರಡೆರಡು ಸೆಂಟಿಮೀಟರ್ ಸೇರಿಸಿದ. ಪುರಾ ದೋನ್ ಅನ್ಸೆಲ್ಮೊಗೆ ಫೋನ್ ಮಾಡಿ ಎಲ್ಲ ಹೇಳಿದಳು. ತಾವು ಸುಳ್ಳು ಬರೆಯುತ್ತಿದ್ದರೆಂದು ಜನ ನಂಬಿದ್ದನ್ನು ಕೇಳಿ ಅವರಿಗೆ ಕೋಪ ಬರಲಿಲ್ಲವಂತೆ. "ಹುಡುಗ ಏನಂದ?" ಎಂದಷ್ಟೇ ಕೇಳಿದರಂತೆ.

ಆಮೇಲೆ ಗಾಜು, ದೀಪ, ಅಂಕಿ ಹೊಳೆಯುವ ಹೊಸ ಯಂತ್ರವೊಂದು ಬಂತು. ನನ್ನ ತಿರುಪು ಬಿಚ್ಚಿ ಕಸದ ಗಾಡಿಯ ಪಕ್ಕ ಒರಗಿಸಿದರು. ಪುರಾ ನನ್ನನ್ನೂ ತಮ್ಮನನ್ನೂ ಕೇಳಿ ಪಡೆದು ಮನೆಗೆ ತಂದಳು. ಎರಡು ಕೋಣೆಯ ಮನೆ. ಅಡುಗೆಮನೆಯ ಗೋಡೆಗೆ ನಮ್ಮನ್ನು ನಿಲ್ಲಿಸಿದಳು. ಪಕ್ಕದ ಮನೆಯವನನ್ನು ಕರೆದು, ನನ್ನನ್ನು ಗೋಡೆಗೆ, ತಮ್ಮನನ್ನು ನನಗೆ, ನಾಲ್ಕು ಉದ್ದನೆಯ ತಿರುಪು ಹಾಕಿ ಬಿಗಿಸಿದಳು.

"ನನ್ನ ಸೊಂಟಕ್ಕೋಸ್ಕರ ಸಡಿಲ ಬಿಟ್ಟಿದ್ದು ಇದನ್ನ," ಅಂದಳು ಪಕ್ಕದ ಮನೆಯವನಿಗೆ. ಅವನಿಗೆ ಅರ್ಥವಾಗಲಿಲ್ಲ.

ಹನ್ನೊಂದು ವರ್ಷದ ನಂತರ, ಕಳೆದ ಮಾರ್ಚಿನಲ್ಲಿ, ಒಬ್ಬ ಎತ್ತರದ ಯುವಕ ಬಾಗಿಲು ತಟ್ಟಿದ. ಮೀನು ಸಾಗಿಸುವ ಶೀತಲ ಲಾರಿ ಓಡಿಸುತ್ತಾನಂತೆ, ವಾಲ್ದೆರ್ನಾ ದಾರಿಯಲ್ಲಿ ಸಿಗುತ್ತದಂತೆ. ಪುರಾ ಅವನನ್ನು ಗುರುತಿಸಲಿಲ್ಲ. ಅವನು ನನ್ನನ್ನು ನೋಡಿದ. ಬೂಟು ಬಿಚ್ಚಿದ, ಕಾಲುಚೀಲ ಬಿಚ್ಚಿದ, ಹಲಗೆ ಹತ್ತಿ ಹಿಮ್ಮಡಿ ಒತ್ತಿ ನಿಂತ. ತಮ್ಮ ಅವನನ್ನು ನನಗಿಂತ ಮೊದಲು ಗುರುತಿಸಿದ.

"ಅಯ್ಯೋ, ಗುಂಡಿ!" ಅಂದಳು ಪುರಾ.

ಅವಳ ಕೈಗೆ ಜಾರುಪಟ್ಟಿ ಎಟಕಲಿಲ್ಲ. ಅವನೇ ಅದನ್ನು ನೆತ್ತಿಗೆ ಇಳಿಸಿ, ಬೆರಳಿನಲ್ಲಿ ಹಿಡಿದು, ಕೆಳಗಿಳಿದು ತಿರುಗಿ ನೋಡಿದ. ಅವನ ಮುಖವನ್ನು ನಾನು ಇಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ನೂರ ಎಪ್ಪತ್ತಾರು.

"ಆಡ್ತೀಯೇನೋ?"

"ಇಲ್ಲ ಪುರಾ. ಊರಿಗೆ ಹೋದ ಮೇಲೆ ಆಡಲಿಲ್ಲ. ಜಾಕೋಬೊನೂ ಬಿಟ್ಟ, ಹುವೆನಿಲ್ ಮುಗಿದ ಮೇಲೆ ಅವನನ್ನೂ ಕಳಿಸಿದ್ರು. ಈಗ ಹಡಗುಕಟ್ಟೆಯಲ್ಲಿ ಇದ್ದಾನೆ."

ಪುರಾ ಕಾಫಿ ಇಟ್ಟಳು. ಅವನು ಲೋಟ ಹಿಡಿದು ಬಹಳ ಹೊತ್ತು ಕುಡಿಯಲಿಲ್ಲ.

"ಅಮ್ಮ ಹೋದ ತಿಂಗಳು ತೀರಿಕೊಂಡ್ಳು. ಕೊನೆಯ ವಾರವೆಲ್ಲ ಒಂದೇ ಮಾತು. ನಿನಗೆ ನನ್ನ ಮೂಳೆ ಬಂತು ಮಗನೇ, ನಾನು ಕುಳ್ಳಿ, ನನ್ನಿಂದ ನಿನ್ನ ಆಟ ಹೋಯ್ತು, ಕ್ಷಮಿಸು ಅಂತ. ನಾನು ಇಷ್ಟು ಎತ್ತರ ಬೆಳೆದ ಮೇಲೂ ಹಾಗೇ ಅನ್ನೋಳು. ತಡವಾಗಿ ಬೆಳೆಸಿದೆ ಅನ್ನೋಳು." ಲೋಟ ಕೆಳಗಿಟ್ಟ. "ಹೇಳೋಣ ಅಂದ್ಕೊಂಡೆ. ಇಷ್ಟು ವರ್ಷ ಮುಚ್ಚಿಟ್ಟು, ಸಾಯೋವಾಗ ಹೇಗೆ ಹೇಳೋದು? ಅವಳು ಅದನ್ನೇ ನಂಬಿಕೊಂಡು ಹೋದ್ಳು."

ಪುರಾ ಅವನ ಕೈ ಮೇಲೆ ಕೈ ಇಟ್ಟಳು. ಹೋಗುವಾಗ ಅವನು ಜಾರುಪಟ್ಟಿಯನ್ನು ಇದ್ದಲ್ಲೇ ಬಿಟ್ಟುಹೋದ. ಅದು ಇನ್ನೂ ಅಲ್ಲೇ ಇದೆ. ಆ ಅಂಕಿಯನ್ನು ಯಾರೂ ಬರೆದುಕೊಳ್ಳಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಶಾಯಿ ಮಾಸಿದೆ, ಗೆರೆಗಳು ಸರಿಯಾಗಿ ಕಾಣುವುದಿಲ್ಲ. ಪುರಾಗೂ ಎಪ್ಪತ್ತಾಯಿತು. ನಾನು ಯೋಚಿಸುತ್ತೇನೆ. ಈ ಕತೆಯಲ್ಲಿ ಕೆಟ್ಟ ಮನಸ್ಸಿನವರು ಯಾರೂ ಸಿಗುವುದಿಲ್ಲ. ಬಡಗಿ, ಪುರಾ, ಮುದಿ ಡಾಕ್ಟರು, ಎಳೆಯ ಡಾಕ್ಟರು, ಟೈಲ್ಸಿನವನು, ಕೊನೆಗೆ ಆ ಹುಡುಗ ಕೂಡ, ಎಲ್ಲರೂ ಇನ್ನೊಬ್ಬರಿಗೆ ನೋವಾಗದಿರಲೆಂದೇ ಏನೋ ಒಂದು ಮಾಡಿದರು, ಏನೋ ಒಂದು ಹೇಳದೆ ಬಿಟ್ಟರು. ಒಬ್ಬ ಗಾರಾಯ್ ಮಾತ್ರ ನನ್ನನ್ನು ನಂಬಿದ. ಹುಡುಗನ ಆಟ ನೋಡುವ ಬದಲು ಒಂದು ಮರದ ತುಂಡನ್ನು ನಂಬಿದ. ನನ್ನನ್ನು ಅಷ್ಟು ನಂಬಬಾರದಿತ್ತು.

ಪುರಾ ಈಗಲೂ ಬೆಳಿಗ್ಗೆ ನೆಲ ಒರೆಸುತ್ತಾಳೆ. ತಿರುಪು ಬಿಗಿದ ಹಲಗೆಯನ್ನು ಎತ್ತಲಾಗುವುದಿಲ್ಲ. ಸೊಂಟ ಹಿಡಿದುಕೊಂಡು, ಬಗ್ಗಿ, ಸುತ್ತಲೂ ಬೆರಳಿನಲ್ಲಿ ಒರೆಸುತ್ತಾಳೆ. ಆದರೂ ಸಂದಿನಲ್ಲಿ ನೀರು ನಿಲ್ಲುತ್ತದೆ. ಅವಳು ಅಂದೇ ಹೇಳಿದ್ದಳಲ್ಲ, ತಮ್ಮ ಅಂಚಿನಿಂದ ಕೊಳೆಯತೊಡಗಿದ್ದಾನೆ. ಪಕ್ಕದ ಮನೆಯವನು ಮೊನ್ನೆ ನೋಡಿ, "ತಿರುಪು ತೆಗೆದುಬಿಡ್ಲಾ ಅಜ್ಜಿ? ಎತ್ತಿ ಒರೆಸಬಹುದು," ಎಂದು ಕೇಳಿದ.

"ಬೇಡ," ಅಂದಳು ಪುರಾ. "ಕೊಳೆತರೂ ಅಲ್ಲೇ ಇರ್ಲಿ."